ಊರಿನ ಕಲಿಕೆಗೆ ಆನ್‌ಲೈನ್ ವಿಡಿಯೊ: ತೆಗೆಯುವುದರಿಂದ ತೋರಿಸುವವರೆಗೆ ಸಮಗ್ರ ಮಾರ್ಗದರ್ಶಿ

ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಅನೇಕ ರೈತ ಗುಂಪುಗಳೂ ಮಹಿಳಾ ಸ್ವಸಹಾಯ ಸಂಘಗಳೂ ತಮ್ಮವರಿಗಾಗಿ ಕಲಿಕೆಯ ವಿಡಿಯೊ ಮಾಡಲು ಹೊರಟು ಒಂದೇ ಬಗೆಯಲ್ಲಿ ಸೋಲುತ್ತಿವೆ. ಯಾರಾದರೂ ತಿಳಿದವರನ್ನು ಕರೆಸಿ, ಅವರು ಇಪ್ಪತ್ತು ನಿಮಿಷ ನಿಂತು ಮಾತನಾಡುವುದನ್ನು ಫೋನಿನಲ್ಲಿ ಹಿಡಿದು, ಸಂಜೆಯೊಳಗೆ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಹತ್ತಾರು ಹೆಬ್ಬೆಟ್ಟಿನ ಚಿಹ್ನೆಗಳು ಬರುತ್ತವೆ. ಮುಂದಿನ ಬೆಳೆಯಲ್ಲಿ ಎಲ್ಲರೂ ಹಳೆಯ ತಪ್ಪನ್ನೇ ಮಾಡುತ್ತಾರೆ. ಇದರಲ್ಲಿ ಫೋನಿನ ದೋಷ ಕಡಿಮೆ. ಕೆಲಸದ ಕ್ರಮ ತಲೆಕೆಳಗಾಗಿರುವುದೇ ದೊಡ್ಡ ದೋಷ: ಮೊದಲು ತೆಗೆದು, ಆಮೇಲೆ ಯಾರಿಗೆ, ಎಲ್ಲಿ, ಹೇಗೆ ತೋರಿಸುವುದೆಂದು ಯೋಚಿಸಲಾಗುತ್ತದೆ.

ಈ ಮಾರ್ಗದರ್ಶಿಯಲ್ಲಿ ನೋಡುವವರಿಂದ ಆರಂಭಿಸಿ ಕ್ಯಾಮೆರಾದ ಕಡೆಗೆ ಬರುತ್ತೇವೆ. ಉದಾಹರಣೆಗೆ ಒಂದೇ ವಿಷಯವನ್ನು ಉದ್ದಕ್ಕೂ ಇಟ್ಟುಕೊಂಡಿದ್ದೇನೆ: ರೇಷ್ಮೆ ಹುಳು ನಾಲ್ಕನೇ ಜ್ವರಕ್ಕೆ ಕೂರುವಾಗ ಮತ್ತು ಏಳುವಾಗ ಮಾಡಬೇಕಾದ ಕೆಲಸ. ಹುಳು ತಿನ್ನುವುದನ್ನು ನಿಲ್ಲಿಸಿ ಹಳೆಯ ಚರ್ಮ ಕಳಚುವ ಹಂತಕ್ಕೆ ಜ್ವರ ಎನ್ನುತ್ತಾರೆ; ಅದು ಆರಂಭವಾದರೆ ಹುಳು ಕೂತಿತು, ಮುಗಿದರೆ ಎದ್ದಿತು ಎನ್ನುವುದು ರೂಢಿ. ಟೊಮೆಟೊ ಸಸಿಗೆ ಕೋಲು ಕಟ್ಟುವುದಾಗಲಿ, ಹಾಲು ಕರೆಯುವ ಮುನ್ನ ಕೆಚ್ಚಲು ತೊಳೆಯುವುದಾಗಲಿ, ಸಂಘದ ಲೆಕ್ಕದ ಪುಸ್ತಕ ಬರೆಯುವುದಾಗಲಿ, ಕ್ರಮ ಇದೇ.

ಹಂತ 1: ನೋಡುವವರು, ನೋಡುವ ಜಾಗ, ನೋಡುವ ದಿನ

ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ಮೊದಲ ಸಾಲು, ವಿಡಿಯೊ ನೋಡಿದ ಮೇಲೆ ಆ ಕೆಲಸವನ್ನು ತಮ್ಮ ಕೈಯಾರೆ ಮಾಡುವವರು ಯಾರು ಎಂಬುದು. ಹುಳು ಸಾಕುವ ಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕುವುದು, ಹುಳು ಮತ್ತು ಸೊಪ್ಪು ಹರಡಿದ ಹಾಸಿಗೆ ಬಿಡಿಸುವುದು, ಸುಣ್ಣ ಚೆಲ್ಲುವುದು ಬಹುಪಾಲು ಹೆಂಗಸರ ಕೆಲಸ; ಆದರೆ ಮನೆಯ ಸ್ಮಾರ್ಟ್‌ಫೋನ್ ಸಾಮಾನ್ಯವಾಗಿ ಗಂಡಸರ ಇಲ್ಲವೇ ಕಾಲೇಜಿಗೆ ಹೋಗುವ ಮಕ್ಕಳ ಜೇಬಿನಲ್ಲಿರುತ್ತದೆ. ವಾಟ್ಸಾಪ್‌ಗೆ ಹಾಕಿದ ವಿಡಿಯೊ ತಲುಪಬೇಕಾದವರನ್ನು ತಲುಪದಿರಲು ಇದೊಂದೇ ಕಾರಣ ಸಾಕು.

ಎರಡನೇ ಸಾಲು, ಜಾಗ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಹಾಲಿನ ಡೈರಿಯ ಕೋಣೆ, ಶಾಲೆಯ ಒಂದು ತರಗತಿ, ಯಾರದಾದರೂ ದೊಡ್ಡ ಪಡಸಾಲೆ, ಎಲ್ಲಿಯಾದರೂ ಆಗಬಹುದು. ಆ ಜಾಗಕ್ಕೆ ಹೋಗಿ ಟಿವಿ ಇದೆಯೇ, ಪೆನ್‌ಡ್ರೈವ್ ಹಾಕುವ ಕಿಂಡಿ ಇದೆಯೇ, ಪ್ಲಗ್ ಎಷ್ಟು ದೂರದಲ್ಲಿದೆ, ಫೋನಿಗೆ ಸಿಗ್ನಲ್ ಎಷ್ಟು ಬರುತ್ತದೆ ಎಂಬುದನ್ನು ಕಣ್ಣಾರೆ ನೋಡಿ. ಕಾರ್ಯಕ್ರಮ ನಡೆಯುವ ಹೊತ್ತಿಗೇ ಹೋಗಿ ನೋಡುವುದು ಒಳ್ಳೆಯದು; ಮಧ್ಯಾಹ್ನ ಚೆನ್ನಾಗಿ ಬರುವ ಇಂಟರ್‌ನೆಟ್ ಊರೆಲ್ಲ ಫೋನ್ ಹಿಡಿಯುವ ರಾತ್ರಿ ಎಂಟಕ್ಕೆ ತೆವಳುತ್ತದೆ.

ಮೂರನೇ ಸಾಲು, ದಿನ ಮತ್ತು ಹೊತ್ತು. ಎರಡನೇ ಜ್ವರ ಕಳೆದ ಚಾಕಿ ಹುಳುವನ್ನು, ಅಂದರೆ ಎಳೆಯ ಹುಳುವನ್ನು, ಮನೆಗೆ ತಂದ ಸುಮಾರು ಎಂಟು-ಒಂಬತ್ತು ದಿನಕ್ಕೆ ನಾಲ್ಕನೇ ಜ್ವರ ಬರುತ್ತದೆ. ವಿಡಿಯೊ ತೋರಿಸಬೇಕಾದದ್ದು ಅದಕ್ಕೆ ಒಂದೆರಡು ದಿನ ಮೊದಲು. ಒಂದು ತಿಂಗಳು ಮುಂಚೆ ತೋರಿಸಿದರೆ ಮರೆತುಹೋಗುತ್ತದೆ, ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಟ್ಟ ಮೇಲೆ ತೋರಿಸಿದರೆ ಯಾರಿಗೂ ಬೇಕಿಲ್ಲ. ದಿನದ ಹೊತ್ತನ್ನು ಬೆಳಗಿನ ಮತ್ತು ಸಂಜೆಯ ಡೈರಿ ಸಮಯ ತಪ್ಪಿಸಿ, ಕೊನೆಯ ಸೊಪ್ಪು ಹಾಕುವ ಗಳಿಗೆ ತಪ್ಪಿಸಿ ಗೊತ್ತು ಮಾಡಿ.

ಈ ಮೂರರಲ್ಲಿ ಒಂದಕ್ಕಾದರೂ ಉತ್ತರ "ನೋಡೋಣ" ಎಂದಿದ್ದರೆ ಎರಡನೇ ಹಂತಕ್ಕೆ ಹೋಗಬೇಡಿ.

ಹಂತ 2: ಒಂದು ವಿಡಿಯೊಗೆ ಒಂದೇ ಕೆಲಸ

"ವೈಜ್ಞಾನಿಕ ರೇಷ್ಮೆ ಕೃಷಿ" ಎಂಬುದು ವಿಡಿಯೊದ ವಿಷಯವಾಗಲಾರದು. "ನಾಲ್ಕನೇ ಜ್ವರದಲ್ಲಿ ಸೊಪ್ಪು ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಹಾಕಬೇಕು" ಎಂಬುದು ವಿಷಯ. ಮಾಡುವ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಲಾಗದಿದ್ದರೆ ಅದನ್ನು ಎರಡು ವಿಡಿಯೊಗಳಾಗಿ ಒಡೆಯಿರಿ. ಉದ್ದ ನಾಲ್ಕರಿಂದ ಏಳು ನಿಮಿಷ ಸಾಕು.

ನಂತರ ಆ ಕೆಲಸವನ್ನು ದೃಶ್ಯಗಳಾಗಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಅವು ಹೀಗೆ ಬರುತ್ತವೆ: ಜ್ವರಕ್ಕೆ ಕೂರುವ ಹುಳು ತಿನ್ನುವುದನ್ನು ಬಿಟ್ಟು ತಲೆ ಎತ್ತಿ ನಿಲ್ಲುವುದು, ಹಾಸಿಗೆಯನ್ನು ತೆಳುವಾಗಿ ಹರಡುವುದು, ಬಹುತೇಕ ಹುಳು ಕೂತ ಮೇಲೆ ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿಯನ್ನು ತೆಳ್ಳಗೆ ಚೆಲ್ಲುವುದು, ನೂರಕ್ಕೆ ಸುಮಾರು 95 ಹುಳು ಎದ್ದ ಮೇಲೆ ಹಾಸಿಗೆಯ ಸೋಂಕುನಿವಾರಕ ಪುಡಿಯನ್ನು ಎರಚಿ, ಅರ್ಧ ಗಂಟೆ ಬಿಟ್ಟು ಸೊಪ್ಪು ಕೊಡುವುದು. ಮೊದಲು ಎದ್ದ ನಾಲ್ಕು ಹುಳು ಹಸಿದಿವೆ ಎಂದು ಆತುರಪಟ್ಟು ಸೊಪ್ಪು ಹಾಕಿದರೆ ಹುಳು ಏರುಪೇರಾಗಿ, ಕೊನೆಗೆ ಹಣ್ಣಾಗುವಾಗಲೂ ಒಂದೇ ಹೊತ್ತಿಗೆ ಹಣ್ಣಾಗುವುದಿಲ್ಲ. ಈ ಒಂದು ತಪ್ಪನ್ನು ನಿಲ್ಲಿಸಲಿಕ್ಕಾಗಿಯೇ ವಿಡಿಯೊ ಮಾಡುತ್ತಿರುವುದು ಎಂಬುದನ್ನು ಹಾಳೆಯ ತಲೆಯಲ್ಲಿ ಬರೆದುಕೊಳ್ಳಿ.

ಬರೆದದ್ದನ್ನು ಚಿತ್ರೀಕರಣಕ್ಕೆ ಮೊದಲೇ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದವರಿಗೋ ಚಿಂತಾಮಣಿ ಬಳಿಯ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರಿಗೋ ತೋರಿಸಿ. ಕೋಲಾರ ಜಿಲ್ಲೆಯವರಿಗೆ ಟಮಕದ ಕೇಂದ್ರ, ತುಮಕೂರಿನವರಿಗೆ ಹಿರೇಹಳ್ಳಿಯ ಕೇಂದ್ರ ಹತ್ತಿರ. ತೆಗೆದ ಮೇಲೆ ತಪ್ಪು ಕಂಡರೆ ಇಡೀ ದೃಶ್ಯವನ್ನು ಮತ್ತೆ ತೆಗೆಯಬೇಕಾಗುತ್ತದೆ, ಅಷ್ಟರಲ್ಲಿ ಜ್ವರ ಮುಗಿದಿರುತ್ತದೆ.

ಹಂತ 3: ಸಲಕರಣೆ

ಒಂದು ಸ್ಮಾರ್ಟ್‌ಫೋನ್, ಒಂದು ಟ್ರೈಪಾಡ್, ತಂತಿಯಿರುವ ಒಂದು ಕಾಲರ್ ಮೈಕ್, ಒಂದು ಪವರ್ ಬ್ಯಾಂಕ್, ಒಂದು ಪೆನ್‌ಡ್ರೈವ್, ಪೆನ್‌ಡ್ರೈವನ್ನು ಫೋನಿಗೆ ಸೇರಿಸುವ ಒಟಿಜಿ, ತೋರಿಸುವ ದಿನಕ್ಕೆ ಒಂದು ಸ್ಪೀಕರ್ ಮತ್ತು ಉದ್ದದ ಎಕ್ಸ್‌ಟೆನ್ಷನ್ ಬಾಕ್ಸ್. ಇಷ್ಟರಲ್ಲಿ ಕೆಲಸ ಆಗುತ್ತದೆ. ಹಣ ಕಡಿಮೆಯಿದ್ದರೆ ಮೊದಲು ಮೈಕ್ ಕೊಳ್ಳಿ. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎರಡನೇ ನಿಮಿಷಕ್ಕೆ ಅಕ್ಕಪಕ್ಕದವರ ಜತೆ ಮಾತಿಗಿಳಿಯುತ್ತಾರೆ.

ಮೈಕ್ ಕೊಳ್ಳುವಾಗ ಫೋನನ್ನು ಜತೆಗೆ ಒಯ್ಯಿರಿ. ಇತ್ತೀಚಿನ ಅನೇಕ ಫೋನುಗಳಲ್ಲಿ ಇಯರ್‌ಫೋನಿನ ದುಂಡು ಕಿಂಡಿ ಇರುವುದಿಲ್ಲ. ಅವಕ್ಕೆ ಟೈಪ್-ಸಿ ತುದಿಯ ಮೈಕ್ ಬೇಕು. ಫೋನನ್ನು ಎಚ್‌ಡಿಎಂಐ ತಂತಿಯಿಂದ ಟಿವಿಗೆ ನೇರ ಜೋಡಿಸಬಹುದೆಂದು ಅಡಾಪ್ಟರ್ ಕೊಂಡು ಮೋಸಹೋಗುವವರೂ ಬಹಳ. ಕಡಿಮೆ ಬೆಲೆಯ ಬಹುಪಾಲು ಫೋನುಗಳ ಟೈಪ್-ಸಿ ಕಿಂಡಿ ಚಾರ್ಜಿಗೂ ಫೈಲ್ ಸಾಗಿಸಲಿಕ್ಕೂ ಮಾತ್ರ ಇರುತ್ತದೆ, ಚಿತ್ರವನ್ನು ಹೊರಗೆ ಕಳಿಸುವುದಿಲ್ಲ.

ಹಂತ 4: ಒಪ್ಪಿಗೆ ಮತ್ತು ಶುಚಿ

ತೆರೆಯ ಮೇಲೆ ಬರುವವರು ಊರಿನವರೇ ಆಗಿರಲಿ. ಆದರೆ ವಿಡಿಯೊ ಎಲ್ಲಿ ಕಾಣಿಸುತ್ತದೆ, ಸಂಘದೊಳಗೆ ಮಾತ್ರವೋ ಯೂಟ್ಯೂಬ್‌ನಲ್ಲಿ ಎಲ್ಲರಿಗೂ ಕಾಣುತ್ತದೆಯೋ ಎಂಬುದನ್ನು ಅವರಿಗೆ ಬಿಡಿಸಿ ಹೇಳಿ, ಒಪ್ಪಿದ ಮಾತನ್ನು ಫೋನಿನಲ್ಲೇ ಧ್ವನಿಮುದ್ರಿಸಿಕೊಳ್ಳಿ. ಗೋಡೆಗೆ ಅಂಟಿಸಿದ ಪಾಸ್‌ಬುಕ್ ಪ್ರತಿ, ಫೋನ್ ನಂಬರ್ ಬರೆದ ಕ್ಯಾಲೆಂಡರ್, ಆಟವಾಡುವ ಮಕ್ಕಳು ಚೌಕಟ್ಟಿನೊಳಗೆ ಬರದಂತೆ ನೋಡಿಕೊಳ್ಳಿ. ಮನೆಯ ಹಿರಿಯರು ಒಪ್ಪಿದರೆ ಸೊಸೆಯೂ ಒಪ್ಪಿದಂತೆ ಎಂದುಕೊಳ್ಳುವುದು ಸಾಮಾನ್ಯ. ಮುಖ ಕಾಣುವವರನ್ನೇ ಕೇಳಬೇಕು.

ಶುಚಿಯ ಮಾತು ಇದಕ್ಕಿಂತ ಮುಖ್ಯ, ಏಕೆಂದರೆ ಇಲ್ಲಿ ತಪ್ಪಿದರೆ ಒಬ್ಬರ ಬೆಳೆಯೇ ಹೋಗುತ್ತದೆ. ಹುಳು ಮನೆಯಿಂದ ಹುಳು ಮನೆಗೆ ಸುತ್ತುವ ಚಿತ್ರೀಕರಣದ ತಂಡ ಹಾಲುತೊಂಡೆ, ಸುಣ್ಣಕಟ್ಟು ಮುಂತಾದ ರೋಗಗಳನ್ನು ಹೊತ್ತು ತಿರುಗಬಲ್ಲದು. ಒಂದು ದಿನ ಒಂದೇ ಮನೆಗೆ ಹೋಗಿ. ಇಬ್ಬರಿಗಿಂತ ಹೆಚ್ಚು ಜನ ಒಳಗೆ ಹೋಗಬೇಡಿ. ಚಪ್ಪಲಿ ಹೊರಗೆ ಬಿಟ್ಟು, ಮನೆಯವರು ಬಳಸುವ ಸೋಂಕುನಿವಾರಕದಲ್ಲೇ ಕೈಕಾಲು ತೊಳೆದು, ಟ್ರೈಪಾಡಿನ ಕಾಲುಗಳನ್ನೂ ಒರೆಸಿಕೊಂಡು ಒಳಗೆ ಕಾಲಿಡಿ. ಸೊಳ್ಳೆ ಓಡಿಸುವ ಮುಲಾಮು ಹಚ್ಚಿಕೊಂಡೋ ಆಗಷ್ಟೇ ತೋಟಕ್ಕೆ ಔಷಧಿ ಹೊಡೆದು ಅದೇ ಬಟ್ಟೆಯಲ್ಲೋ ಹೋಗಲೇಬಾರದು. ಬಿಸಿಯಾಗುವ ದೀಪಗಳನ್ನು ಹಾಸಿಗೆಯ ಹತ್ತಿರ ತರಬೇಡಿ. ಹಾಸಿಗೆಯಲ್ಲಿ ರೋಗದ ಹುಳು ಕಂಡರೆ ಚಿತ್ರೀಕರಣವನ್ನು ಅಲ್ಲಿಗೇ ನಿಲ್ಲಿಸಿ ಹೊರಗೆ ಬನ್ನಿ.

ಹಂತ 5: ಚಿತ್ರೀಕರಣ

ಫೋನಿನ ಹಿಂಬದಿಯ ಲೆನ್ಸನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲವಾದರೆ ಒಳ್ಳೆಯ ದೃಶ್ಯದ ನಡುವೆಯೇ ಕರೆ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ. ಖಾಲಿ ಜಾಗ ಎಷ್ಟಿದೆ ನೋಡಿ: 1080ಪಿ ಗುಣಮಟ್ಟದಲ್ಲಿ ಒಂದು ನಿಮಿಷದ ವಿಡಿಯೊ ಸಾಮಾನ್ಯವಾಗಿ 100 ಎಂಬಿ ಆಸುಪಾಸಿನಲ್ಲಿರುತ್ತದೆ, ಆದ್ದರಿಂದ ಅರ್ಧ ಗಂಟೆಯಷ್ಟು ದೃಶ್ಯ ತೆಗೆಯಲು 3ರಿಂದ 4 ಜಿಬಿ ಬೇಕು. ಟಿವಿಯಲ್ಲಿ ತೋರಿಸುವುದಾದ್ದರಿಂದ ಫೋನನ್ನು ಅಡ್ಡಲಾಗಿಯೇ ಹಿಡಿಯಬೇಕು.

ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ವಿಡಿಯೊದ ಬಗೆ ಎಚ್.265 ಅಥವಾ ಎಚ್‌ಇವಿಸಿ ಎಂದಿದ್ದರೆ ಅದನ್ನು ಎಚ್.264ಕ್ಕೆ ಬದಲಿಸಿ. ಇದನ್ನು ಮಾಡದ ಕಾರಣ ಪೆನ್‌ಡ್ರೈವ್‌ನಲ್ಲಿ ಒಯ್ದ ವಿಡಿಯೊ ಹಳೆಯ ಟಿವಿಯಲ್ಲಿ ತೆರೆಯದೆ, ಇಲ್ಲವೇ ಮಾತು ಮಾತ್ರ ಕೇಳಿ ಚಿತ್ರ ಬಾರದೆ, ಸೇರಿದ ಜನ ಎದ್ದುಹೋಗುವುದು ಎಷ್ಟೋ ಕಡೆ ನಡೆದಿದೆ.

ಕಿಟಕಿಯ ಬೆಳಕು ಮಾಡುವವರ ಮುಖದ ಮೇಲೆ ಅಥವಾ ಕೈಯ ಮೇಲೆ ಬೀಳಬೇಕು, ಬೆನ್ನಿನ ಹಿಂದೆ ಇರಬಾರದು. ಪ್ರತಿ ಕೆಲಸವನ್ನೂ ಎರಡು ಸಲ ತೆಗೆಯಿರಿ: ಒಮ್ಮೆ ಮಾಡುವವರೂ ಹಾಸಿಗೆಯೂ ಒಟ್ಟಿಗೆ ಕಾಣುವಷ್ಟು ದೂರದಿಂದ, ಒಮ್ಮೆ ಅಂಗೈಯಗಲದ ಜಾಗ ಇಡೀ ತೆರೆ ತುಂಬುವಷ್ಟು ಹತ್ತಿರದಿಂದ. ಜ್ವರಕ್ಕೆ ಕೂತ ಹುಳುವಿಗೂ ಎದ್ದ ಹುಳುವಿಗೂ ಇರುವ ವ್ಯತ್ಯಾಸ ದೂರದ ದೃಶ್ಯದಲ್ಲಿ ಕಾಣುವುದೇ ಇಲ್ಲ. ಹತ್ತಿರದಿಂದ ತೆಗೆಯುವಾಗ ತೆರೆಯ ಮೇಲೆ ಹುಳುವಿನ ತಲೆಯ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು ಫೋಕಸ್ ಗಟ್ಟಿ ಮಾಡಿ, ಕನಿಷ್ಠ 10 ಸೆಕೆಂಡು ಅಲುಗಾಡದೆ ಇಡಿ. ಕೂತ ಹುಳು ಕದಲದೆ ತಲೆ ಎತ್ತಿರುವುದು, ಎದ್ದ ಹುಳು ಸುಕ್ಕು ಸುಕ್ಕಾದ ಹೊಸ ಚರ್ಮದಲ್ಲಿ ಪಕ್ಕದ ಎಲೆಯ ಕಡೆ ಹರಿದಾಡುವುದು, ಇವೆರಡನ್ನೂ ಅಕ್ಕಪಕ್ಕದಲ್ಲಿ ತೋರಿಸುವ ಆ 20 ಸೆಕೆಂಡು ಇಡೀ ವಿಡಿಯೊದ ಜೀವಾಳ. ಉಳಿದದ್ದೆಲ್ಲ ಸಾಧಾರಣವಾಗಿ ಬಂದರೂ ನಡೆಯುತ್ತದೆ.

ಮಾತಿನ ವಿಚಾರದಲ್ಲಿ ಒಂದು ಹಟ ಬಿಡಬೇಕು. ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗಾಗಿರುವ, ಮಾತಿನ ನಡುವೆ ಕನ್ನಡ ತೆಲುಗು ಎರಡನ್ನೂ ಬೆರೆಸುವ ಮಂದಿ ಬಹಳ. ಅವರಿಗೆ ಭಾಷಣದ ಕನ್ನಡ ಕಲಿಸಿ ಒಪ್ಪಿಸುವಂತೆ ಹೇಳಿಸಿದರೆ ಕೈ ಮಾಡುವ ಕೆಲಸವೂ ಕೃತಕವಾಗುತ್ತದೆ. ಅವರು ದಿನವೂ ಆಡುವಂತೆ ಆಡಲಿ. ನೀವು ಕ್ಯಾಮೆರಾ ಹಿಂದಿನಿಂದ "ಅಕ್ಕಾ, ಈಗ ಸೊಪ್ಪು ಹಾಕಬಹುದಾ? ಯಾಕೆ ಬೇಡ?" ಎಂದು ಕೇಳುತ್ತಾ ಹೋಗಿ, ಉತ್ತರ ತಾನಾಗಿಯೇ ಬರುತ್ತದೆ.

ಮೊದಲ ದೃಶ್ಯ ತೆಗೆದ ಕೂಡಲೇ ಇಯರ್‌ಫೋನ್ ಹಾಕಿ ಕೇಳಿ ನೋಡಿ. ಮೈಕಿಗೆ ಸೆರಗು ತಾಗಿ ಬರುವ ಸರಸರ ಸದ್ದು, ತಗಡಿನ ಮೇಲಿನ ಮಳೆ, ಪಕ್ಕದ ಮನೆಯ ಟಿವಿಯ ಸಿನಿಮಾ ಹಾಡು ಇವು ಚಿತ್ರೀಕರಿಸುವಾಗ ಗೊತ್ತಾಗುವುದಿಲ್ಲ, ಆಮೇಲೆ ಅಳಿಸಲು ಬರುವುದಿಲ್ಲ. ಸಿನಿಮಾ ಹಾಡು ಹಿನ್ನೆಲೆಯಲ್ಲಿ ಕೇಳಿಸಿದರೂ ಯೂಟ್ಯೂಬ್‌ನ ಸ್ವಯಂಚಾಲಿತ ವ್ಯವಸ್ಥೆ ಅದನ್ನು ಗುರುತಿಸಿ ಹಕ್ಕುಸ್ವಾಮ್ಯದ ನೋಟಿಸ್ ಕಳಿಸಬಹುದು.

ಹಂತ 6: ಜೋಡಿಸುವುದು

ಇಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಫೋನಿನಲ್ಲೇ ಇರುವ ಕತ್ತರಿಸುವ ಸೌಲಭ್ಯ ಅಥವಾ ಯಾವುದಾದರೂ ಉಚಿತ ಆ್ಯಪ್ ಸಾಕು. ಹಾರುವ ಅಕ್ಷರ, ತಿರುಗುವ ಲೋಗೊ, ಆರಂಭದಲ್ಲಿ ಅರ್ಧ ನಿಮಿಷ ಪದಾಧಿಕಾರಿಗಳ ಹೆಸರು, ಹಿನ್ನೆಲೆ ಸಂಗೀತ ಇವುಗಳಲ್ಲಿ ಯಾವುದೂ ಬೇಡ. ಪ್ರಶ್ನೆ ಕೇಳಿ ನಿಲ್ಲಿಸಬೇಕಾದ ಎರಡು ಅಥವಾ ಮೂರು ಕಡೆ ಮಾತ್ರ 5 ಸೆಕೆಂಡಿನ ಖಾಲಿ ತೆರೆ ಸೇರಿಸಿ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಪ್ರಶ್ನೆಯನ್ನು ಬರೆಯಿರಿ. ಇದರ ಉಪಯೋಗ ಎಂಟನೇ ಹಂತದಲ್ಲಿ ತಿಳಿಯುತ್ತದೆ.

ಹಂತ 7: ಏರಿಸುವುದು ಮತ್ತು ಹಂಚುವುದು

ಯೂಟ್ಯೂಬ್ ಚಾನೆಲ್ಲನ್ನು ಒಬ್ಬ ಹುಡುಗನ ಸ್ವಂತ ಖಾತೆಯಲ್ಲಿ ತೆರೆಯಬೇಡಿ. ಅವನು ಕೆಲಸಕ್ಕೆಂದು ಬೆಂಗಳೂರಿಗೆ ಹೋದರೆ, ಫೋನ್ ಕಳೆದುಕೊಂಡರೆ ಸಂಘದ ಎಲ್ಲ ವಿಡಿಯೊಗಳೂ ಅವನ ಜತೆಗೇ ಹೋಗುತ್ತವೆ. ಸಂಘದ ಹೆಸರಿನಲ್ಲಿ ಪ್ರತ್ಯೇಕ ಗೂಗಲ್ ಖಾತೆ ತೆರೆದು, ಗುಪ್ತಪದವನ್ನು ಇಬ್ಬರು ಪದಾಧಿಕಾರಿಗಳಲ್ಲಿ ಇಡಿ. ಫೋನ್ ನಂಬರ್ ಮೂಲಕ ದೃಢೀಕರಿಸದ ಖಾತೆಯಲ್ಲಿ 15 ನಿಮಿಷಕ್ಕಿಂತ ಉದ್ದದ ವಿಡಿಯೊ ಏರುವುದಿಲ್ಲ, ಹೀಗಾಗಿ ದೃಢೀಕರಣವನ್ನೂ ಆಗಲೇ ಮುಗಿಸಿ.

ಯೂಟ್ಯೂಬ್ ಮೂರು ಬಗೆಯ ಗೋಚರತೆ ಕೊಡುತ್ತದೆ. ಪಬ್ಲಿಕ್ ಎಂದರೆ ಎಲ್ಲರಿಗೂ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ. ಅನ್‌ಲಿಸ್ಟೆಡ್ ಎಂದರೆ ಹುಡುಕಾಟದಲ್ಲಿ ಸಿಗುವುದಿಲ್ಲ, ಕೊಂಡಿ ಇದ್ದವರೆಲ್ಲ ನೋಡಬಹುದು, ಆ ಕೊಂಡಿಯನ್ನು ಅವರು ಯಾರಿಗೆ ಬೇಕಾದರೂ ಕಳಿಸಬಹುದು. ಪ್ರೈವೇಟ್ ಎಂದರೆ ನೀವು ಇಮೇಲ್ ಹಾಕಿ ಕರೆದವರಿಗೆ ಮಾತ್ರ. ಊರಿನ ಸಂಘಕ್ಕೆ ಮೊದಲು ಅನ್‌ಲಿಸ್ಟೆಡ್ ಇಟ್ಟು, ಒಮ್ಮೆ ಗುಂಪಿನಲ್ಲಿ ತೋರಿಸಿ ತಿದ್ದುಪಡಿ ಬಂದ ಮೇಲೆ ಪಬ್ಲಿಕ್ ಮಾಡುವುದು ನನ್ನ ಸಲಹೆ. "ಮಕ್ಕಳಿಗಾಗಿ ಮಾಡಿದ್ದೇ" ಎಂಬ ಪ್ರಶ್ನೆಗೆ ಗಡಿಬಿಡಿಯಲ್ಲಿ ಹೌದು ಎಂದು ಒತ್ತಿದರೆ ಪ್ರತಿಕ್ರಿಯೆ ಬರೆಯುವ ಜಾಗ ಮುಚ್ಚಿಹೋಗುತ್ತದೆ. ರೈತರ ಪ್ರಶ್ನೆ ಬರಬೇಕಾದ ಬಾಗಿಲೇ ಅದು.

ಶೀರ್ಷಿಕೆ ಜನ ಹುಡುಕುವ ಮಾತಿನಲ್ಲಿರಲಿ: "ರೇಷ್ಮೆ ಹುಳು ನಾಲ್ಕನೇ ಜ್ವರ: ಸೊಪ್ಪು ಯಾವಾಗ ಹಾಕಬೇಕು". ವಿವರಣೆಯ ಮೊದಲ ಸಾಲಿನಲ್ಲಿ ತೆಗೆದ ತಿಂಗಳು, ವರ್ಷ, ಹುಳುವಿನ ತಳಿ ಬರೆಯಿರಿ.

ವಾಟ್ಸಾಪ್‌ನಲ್ಲಿ ವಿಡಿಯೊ ಎಂದೇ ಕಳಿಸಿದರೆ ಅದು ಫೈಲನ್ನು ಹಿಂಡಿ ಚಿಕ್ಕದು ಮಾಡುತ್ತದೆ, ನೀವು ಕಷ್ಟಪಟ್ಟು ಫೋಕಸ್ ಮಾಡಿದ ಹುಳುವಿನ ತಲೆ ಮಸುಕಾಗುತ್ತದೆ. ಡಾಕ್ಯುಮೆಂಟ್ ಎಂಬ ಆಯ್ಕೆಯಿಂದ ಕಳಿಸಿದರೆ 2 ಜಿಬಿವರೆಗೆ ಮೂಲದಲ್ಲಿದ್ದಂತೆಯೇ ಹೋಗುತ್ತದೆ. ಆದರೆ ದಿನದ ಡೇಟಾ ಮುಗಿದವರಿಗೆ ದೊಡ್ಡ ಫೈಲ್ ಹೊರೆ. ಗುಂಪಿಗೆ ಯೂಟ್ಯೂಬ್ ಕೊಂಡಿ, ತೋರಿಸುವವರಿಗೆ ಮಾತ್ರ ಮೂಲ ಫೈಲ್ ಎಂದು ಬೇರೆ ಮಾಡಿಕೊಳ್ಳಿ.

ಹಂತ 8: ಗುಂಪಿನಲ್ಲಿ ತೋರಿಸುವುದು

ಎಲ್ಲಕ್ಕಿಂತ ಹೆಚ್ಚು ಸಿದ್ಧತೆ ಬೇಕಾದ ಹಂತ ಇದು. ಜನ ಅತಿ ಹಗುರವಾಗಿ ತೆಗೆದುಕೊಳ್ಳುವುದೂ ಇದನ್ನೇ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಸಂಶೋಧನಾ ಯೋಜನೆಯಾಗಿ ಆರಂಭವಾದ ಡಿಜಿಟಲ್ ಗ್ರೀನ್ ಸಂಸ್ಥೆ ಕೂಡ ಊರಿನ ರೈತರನ್ನೇ ತೆರೆಯ ಮೇಲೆ ತಂದು, ಸಣ್ಣ ಗುಂಪಿಗೆ, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುವ ಸ್ಥಳೀಯರೊಬ್ಬರ ಮೂಲಕವೇ ವಿಡಿಯೊ ತೋರಿಸುವ ಕ್ರಮವನ್ನು ಹಿಡಿಯಿತು.

ಒಂದು ಗುಂಪಿನಲ್ಲಿ 15ರಿಂದ 20 ಜನ ಇದ್ದರೆ ಸರಿ. ಐವತ್ತು ಜನ ಸೇರಿದರೆ ಅದು ಸಭೆಯಾಗುತ್ತದೆ, ಹಿಂದೆ ಕೂತ ಹೆಂಗಸರು ಬಾಯಿ ಬಿಡುವುದಿಲ್ಲ. ವಿಡಿಯೊ ಪೆನ್‌ಡ್ರೈವ್‌ನಲ್ಲಿರಲಿ, ಅದರದೇ ಇನ್ನೊಂದು ಪ್ರತಿ ಫೋನಿನಲ್ಲಿರಲಿ. ಆ ಹೊತ್ತಿನ ಇಂಟರ್‌ನೆಟ್ಟನ್ನು ನಂಬಿ ಕೂರಬೇಡಿ. ಪೆನ್‌ಡ್ರೈವ್ ಎಫ್‌ಎಟಿ32 ಬಗೆಯದಾಗಿದ್ದರೆ 4 ಜಿಬಿ ಮೀರಿದ ಒಂದೇ ಫೈಲ್ ಅದರಲ್ಲಿ ಕೂರುವುದಿಲ್ಲ ಎಂಬುದು ನೆನಪಿರಲಿ. ಹಿಂದಿನ ದಿನವೇ ಅದೇ ಟಿವಿಗೆ ಹಾಕಿ ಕೊನೆಯವರೆಗೆ ಓಡಿಸಿ ನೋಡಿ. ಕರೆಂಟ್ ಹೋದರೆ ಫೋನನ್ನು ಸ್ಪೀಕರಿಗೆ ಜೋಡಿಸಿ ಐದೈದು ಜನಕ್ಕೆ ತೋರಿಸುವ ಏರ್ಪಾಡೂ ಇರಲಿ.

ವಿಡಿಯೊ ಹಾಕುವ ಮುನ್ನ ಒಂದೇ ಪ್ರಶ್ನೆ ಕೇಳಿ: "ಹೋದ ಬೆಳೆಯಲ್ಲಿ ನಾಲ್ಕನೇ ಜ್ವರದಲ್ಲಿ ಯಾರ ಮನೆಯಲ್ಲಿ ಹುಳ ಏರುಪೇರಾಗಿ ಎದ್ದವು?" ಕೈ ಎತ್ತಿದವರಿಂದ ಎರಡು ಮಾತು ಕೇಳಿ, ಆಮೇಲೆ ಆರಂಭಿಸಿ. ಪ್ರಶ್ನೆಯ ತೆರೆ ಬಂದಾಗ ನಿಲ್ಲಿಸಿ. ಉತ್ತರ ನೀವು ಹೇಳಬಾರದು. ಯಾರಾದರೂ ತಪ್ಪು ಉತ್ತರ ಕೊಟ್ಟರೆ "ಮುಂದೆ ನೋಡೋಣ ಅಣ್ಣ" ಎಂದು ವಿಡಿಯೊ ಮುಂದುವರಿಸಿ, ತೆರೆಯೇ ಉತ್ತರಿಸಲಿ. ಪೂರ್ತಿ ಮುಗಿದ ಮೇಲೆ ಕೂತ ಹುಳು ಮತ್ತು ಎದ್ದ ಹುಳುವಿನ ದೃಶ್ಯವನ್ನು ಮತ್ತೊಮ್ಮೆ, ಮಾತಿಲ್ಲದೆ, ತೋರಿಸಿ.

ಕೆಲಸ ಕೆಡುತ್ತಿರುವ ಗುರುತುಗಳು ಬೇಗ ಕಾಣುತ್ತವೆ. ತೋರಿಸುವವರೇ ಹೆಚ್ಚು ಮಾತನಾಡುತ್ತಿದ್ದರೆ, ಪ್ರಶ್ನೆಗಳೆಲ್ಲ ಮುಂದಿನ ಸಾಲಿನ ಇಬ್ಬರಿಂದಲೇ ಬರುತ್ತಿದ್ದರೆ, ಜನ ಕೆಲಸದ ಬಗ್ಗೆ ಬಿಟ್ಟು ತೆರೆಯ ಮೇಲಿನ ಮನೆ ಯಾರದೆಂಬ ಚರ್ಚೆಗೆ ಇಳಿದಿದ್ದರೆ, ನಿಲ್ಲಿಸಿ ಹಿಂದಿನ ಪ್ರಶ್ನೆಗೆ ಮರಳಿ. "ಅವರ ಮನೆ ದೊಡ್ಡದು, ಅವರಿಗೆ ಆಗುತ್ತೆ" ಎಂಬ ಮಾತು ಕೇಳಿಬಂದರೆ ಮುಂದಿನ ವಿಡಿಯೊವನ್ನು ಸಣ್ಣ ಹುಳು ಮನೆಯಲ್ಲಿ ತೆಗೆಯಬೇಕೆಂದು ಅರ್ಥ.

ಹಂತ 9: ತಜ್ಞರ ಜತೆ ವಿಡಿಯೊ ಕರೆ

ತೋರಿಸಿದ ಮೇಲೆ ಉಳಿದ ಪ್ರಶ್ನೆಗಳನ್ನು ಬರೆದುಕೊಂಡು, ಬೇರೊಂದು ದಿನ ತಜ್ಞರನ್ನು ವಿಡಿಯೊ ಕರೆಯಲ್ಲಿ ಕರೆಯಿರಿ. ಉಚಿತ ಜೂಮ್ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ. ಉಚಿತ ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಮಂದಿ ಸೇರಿದ್ದರೆ 60 ನಿಮಿಷ. ಪ್ರಶ್ನೆಗಳನ್ನು ಮುಂಚೆಯೇ ಕಳಿಸಿದರೆ ಅಷ್ಟು ಹೊತ್ತು ಧಾರಾಳ. ಒಂದು ಕೋಣೆಯಿಂದ ಒಂದೇ ಫೋನ್ ಕರೆಗೆ ಸೇರಬೇಕು. ಪಕ್ಕದಲ್ಲಿ ಇನ್ನೊಂದು ಫೋನಿನ ಮೈಕ್ ತೆರೆದಿದ್ದರೆ ಕಿವಿ ಚುಚ್ಚುವ ಕುಯ್ಯೆಂಬ ಸದ್ದು ಏಳುತ್ತದೆ, ಸಭೆ ಅಲ್ಲಿಗೇ ಚದರುತ್ತದೆ. ಯೂಟ್ಯೂಬ್ ಮೂಲಕ ಫೋನಿನಿಂದ ನೇರ ಪ್ರಸಾರ ಮಾಡಲು ಚಾನೆಲ್ಲಿಗೆ ಕನಿಷ್ಠ 50 ಚಂದಾದಾರರು ಬೇಕು, ಸೌಲಭ್ಯ ಮೊದಲ ಸಲ ತೆರೆಯಲು 24 ಗಂಟೆಯವರೆಗೆ ಹಿಡಿಯಬಹುದು. ಹೊಸ ಸಂಘಗಳು ಇದರ ಹಿಂದೆ ಬೀಳದಿರುವುದೇ ಲೇಸು.

ಹಂತ 10: ಮನೆಗೆ ಹೋಗಿ ನೋಡುವುದು, ವಿಡಿಯೊ ತಿದ್ದುವುದು

ತೋರಿಸಿದ ದಿನವೇ ಒಂದು ಪುಸ್ತಕದಲ್ಲಿ ನೋಡಿದವರ ಹೆಸರು, ಅವರ ಚಾಕಿ ಬಂದ ದಿನ, ನಾಲ್ಕನೇ ಜ್ವರ ಬರುವ ಅಂದಾಜು ದಿನ ಬರೆಯಿರಿ. ಆ ದಿನ ಮೂರ್ನಾಲ್ಕು ಮನೆಗಾದರೂ ಫೋನ್ ಮಾಡಿ ಅಥವಾ ಬಾಗಿಲವರೆಗೆ ಹೋಗಿ, ಸೊಪ್ಪು ಯಾವಾಗ ನಿಲ್ಲಿಸಿದರು, ಯಾವಾಗ ಹಾಕಿದರು ಎಂದು ಕೇಳಿ. ಯೂಟ್ಯೂಬ್ ತೋರಿಸುವ ವೀಕ್ಷಣೆಯ ಸಂಖ್ಯೆ ಈ ಪುಸ್ತಕದ ಮುಂದೆ ಏನೂ ಅಲ್ಲ. ದೂರದೂರಿನವರು ನೋಡಿದ್ದೂ ಅದರಲ್ಲಿ ಸೇರಿರುತ್ತದೆ.

ಮೂರು ಮನೆಗಳಲ್ಲಿ ಒಂದೇ ಜಾಗದಲ್ಲಿ ತಪ್ಪಿದ್ದರೆ ವಿಡಿಯೊದ ಆ ಭಾಗ ಸ್ಪಷ್ಟವಾಗಿಲ್ಲ. ಉದಾಹರಣೆಗೆ, ಎಲ್ಲರೂ ಸುಣ್ಣವನ್ನು ದಪ್ಪಗೆ ಚೆಲ್ಲಿದ್ದರೆ, ತೆಳ್ಳಗೆ ಎಂಬುದು ಕಣ್ಣಿಗೆ ಕಾಣುವಂತೆ ಜರಡಿಯಿಂದ ಚೆಲ್ಲುವ ಹತ್ತಿರದ ದೃಶ್ಯವನ್ನು ಮತ್ತೆ ತೆಗೆಯಬೇಕು. ಯೂಟ್ಯೂಬ್‌ನಲ್ಲಿ ಏರಿಸಿದ ವಿಡಿಯೊವನ್ನು ಅದೇ ಕೊಂಡಿಯಲ್ಲಿ ಬದಲಿಸಲು ಬರುವುದಿಲ್ಲವಾದ್ದರಿಂದ ತಿದ್ದಿದ್ದನ್ನು ಹೊಸದಾಗಿ ಏರಿಸಿ, ಹಳೆಯದನ್ನು ಪ್ರೈವೇಟ್ ಮಾಡಿ, ಗುಂಪಿಗೆ ಹೊಸ ಕೊಂಡಿ ಕಳಿಸಿ, ಪೆನ್‌ಡ್ರೈವ್‌ನಲ್ಲಿರುವ ಹಳೆಯ ಪ್ರತಿಯನ್ನೂ ಅಂದೇ ಅಳಿಸಿ.